ತಡೆಗೋಡೆಯ ಬೆನ್ನಿಗೆ ನಿಂತ ನೀರು

ಮಣ್ಣು ಜರಿಯದಂತೆ ಕಟ್ಟಿದ ಹಳೆಯ ಕಲ್ಲಿನ ತಡೆಗೋಡೆ ಹೊಟ್ಟೆ ಉಬ್ಬಿಸಿ ನಿಂತರೆ ವಯಸ್ಸಾಯಿತು ಎನ್ನುತ್ತೇವೆ. ಎಷ್ಟೋ ಸಲ ಅದನ್ನು ಕೆಡಿಸಿದ್ದು ವಯಸ್ಸಲ್ಲ, ಹಿಂದೆ ಮಾಡಿದ ರಿಪೇರಿ.

ಕಟ್ಟಿದವರು ನೀರು ಸೋರಿಹೋಗಲೆಂದೇ ಕಟ್ಟಿದ್ದರು. ಬೆನ್ನಿಗೆ ಸಣ್ಣ ಕಲ್ಲು ತುಂಬಿ, ಗೋಡೆಯನ್ನು ಮಣ್ಣಿನ ಕಡೆಗೆ ತುಸು ವಾಲಿಸಿ, ಸಂದುಗಳನ್ನು ಹಾಗೇ ಬಿಡುತ್ತಿದ್ದರು, ಇಲ್ಲವೇ ಸುಣ್ಣದ ಗಾರೆ ತುಂಬುತ್ತಿದ್ದರು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ ಮೇಲೆ ಗಾರೆಯ ಜಾಗಕ್ಕೆ ನಿಧಾನವಾಗಿ ಸಿಮೆಂಟ್ ಬಂತು. ಸ್ಮಾರಕಗಳನ್ನು ಗಟ್ಟಿಗೊಳಿಸಲು ಕಾಂಕ್ರೀಟನ್ನು ವಿವೇಚನೆಯಿಂದ ಬಳಸಬಹುದೆಂದು ಸ್ಮಾರಕ ರಕ್ಷಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1931ರ ಅಥೆನ್ಸ್ ಸನ್ನದೂ ಒಪ್ಪಿತು. ಒಳ್ಳೆಯ ಉದ್ದೇಶದಿಂದಲೇ.

ಆದರೆ ಸಿಮೆಂಟ್ ಸಂದು ಮುಚ್ಚಿದರೆ ನೀರು ಹಿಂದೆಯೇ ಏರುತ್ತದೆ. ಮೂರು ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು ಮೂರು ಟನ್ ಒತ್ತಡ, ಮಣ್ಣಿನದ್ದು ಬೇರೆ. ತೇವ ಸಂದಿನ ಬದಲು ಕಲ್ಲಿನ ಮೂಲಕ ಆರುವುದರಿಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಮೃದುವಾದ ಕಲ್ಲು ಪುಡಿ ಉದುರಿ ಒಳಕ್ಕೆ ಸವೆದು, ಸಿಮೆಂಟ್ ಗೆರೆ ಮಾತ್ರ ಬಲೆಯಂತೆ ಎದ್ದು ನಿಲ್ಲುತ್ತದೆ.

1964ರ ವೆನಿಸ್ ಸನ್ನದು ದಿಕ್ಕು ಬದಲಿಸಿತು: ಮೊದಲು ಸಾಂಪ್ರದಾಯಿಕ ವಿಧಾನ, ಅದು ಸಾಲದಿದ್ದರಷ್ಟೇ ಪರೀಕ್ಷೆಗೆ ನಿಂತ ಹೊಸದು. ಊಹೆ ಶುರುವಾಗುವಲ್ಲಿ ಕೆಲಸ ನಿಲ್ಲಬೇಕು. ಹೊಸ ಭಾಗ ಹೊಂದಿಕೊಳ್ಳಬೇಕು, ಹೊಸದೆಂದು ಗುರುತೂ ಸಿಗಬೇಕು.

ಗೋಡೆಯ ಮುಂದೆ ನಿಂತಾಗ ಇದರ ಅರ್ಥ ಸರಳ. ರಿಪೇರಿಗೆ ಅನುಮತಿ ಸಿಗುವವರೆಗೆ ಉಬ್ಬನ್ನು ತೂಗುಗುಂಡಿನಿಂದ ಅಳೆದು ಬರೆದಿಡಿ. ಒಂದು ಮಳೆಗಾಲ ಕಳೆದು ಮತ್ತೆ ಅಳೆದರೆ ಗೋಡೆ ಇನ್ನೂ ಸರಿಯುತ್ತಿದೆಯೇ ಎಂದು ಗೊತ್ತಾಗುತ್ತದೆ. ಕೆಲಸ ಶುರುವಾದಾಗ ಮೊದಲು ನೀರುಕಿಂಡಿ, ಮೇಲಿನ ಚರಂಡಿ; ಕಲ್ಲು ಆಮೇಲೆ. ಸಿಮೆಂಟನ್ನು ಉಳಿ-ಸುತ್ತಿಗೆಯಲ್ಲೇ ತೆಗೆಯಬೇಕು. ಗ್ರೈಂಡರ್ ಒಮ್ಮೆ ಜಾರಿದರೆ ಕಲ್ಲಿನ ಅಂಚಿಗೆ ಬಿದ್ದ ಗಾಯ ಮಾಯುವುದಿಲ್ಲ. ಕಲ್ಲು ಒಡೆಯದೆ ಸಿಮೆಂಟ್ ಬಾರದಿದ್ದರೆ ಬಿಟ್ಟುಬಿಡುವುದೇ ಸರಿ. ತೆಗೆಯುವ ಆಳ ಸಂದಿನ ಅಗಲದ ಎರಡು ಪಟ್ಟು, ಕನಿಷ್ಠ 25 ಮಿ.ಮೀ. ಸಂದನ್ನು ನೆನೆಸಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಒರಟು ಮರಳಿನ ಗಾರೆಯನ್ನು ಪದರಪದರವಾಗಿ ಒತ್ತಿ, ಒದ್ದೆ ಗೋಣಿ ಹೊದಿಸಿ ಕೆಲವು ದಿನ ಬಿಸಿಲಿನಿಂದ ಕಾಪಾಡಬೇಕು. ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ.

ಬಿಚ್ಚಿ ಕಟ್ಟಲೇಬೇಕಾದರೆ ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಫೋಟೊ ತೆಗೆದು, ಮೇಲಿನಿಂದ ಸ್ವಲ್ಪಸ್ವಲ್ಪವೇ ಬಿಚ್ಚಬೇಕು. ಮರಳಿ ಇಡುವಾಗ ಆಗುವ ದೊಡ್ಡ ತಪ್ಪು, ಕಲ್ಲಿನ ಉದ್ದವನ್ನು ಚೆಂದಕ್ಕೆಂದು ಮುಖದುದ್ದಕ್ಕೆ ಮಲಗಿಸುವುದು. ಉದ್ದ ಒಳಕ್ಕೆ ಹೋದರೇ ಹಿಡಿತ. ಹೊಸ ಕಲ್ಲು ಸೇರಿಸಿದರೆ ಅದರ ಮಗ್ಗುಲಲ್ಲಿ ಇಸವಿ ಕೆತ್ತಿ. ಮುಂದೆ ಬಿಚ್ಚುವವರಿಗೆ ಅದು ಕಾಣುತ್ತದೆ.