ಚಿಂದಿ ಬಟ್ಟೆಯಿಂದ ಗಟ್ಟಿ ಹಲಗೆ

ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಹೊರಮೈ ಬಹುಪಾಲು ಉಕ್ಕಿನದಲ್ಲ. ಸೋವಿಯತ್ ಒಕ್ಕೂಟದಿಂದ ಬಂದ ಹತ್ತಿ ತ್ಯಾಜ್ಯಕ್ಕೆ ಫೀನಾಲ್ ರಾಳ (ಬಿಸಿಗೆ ಗಟ್ಟಿಯಾಗುವ ಅಂಟಿನಂಥ ಪ್ಲಾಸ್ಟಿಕ್) ಸೇರಿಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ಹಲಗೆ ಅದು. 1957ರಿಂದ 1991ರವರೆಗೆ ಇಂಥ ಸುಮಾರು 30 ಲಕ್ಷ ಕಾರುಗಳು ತಯಾರಾದವು. ರಟ್ಟಿನ ಕಾರು ಅಂತ ಜನ ಆಡಿಕೊಂಡರೂ ಆ ಹಲಗೆಗೆ ತುಕ್ಕಿನ ಭಯವೇ ಇರಲಿಲ್ಲ. ತೊಂದರೆ ಎದುರಾಗಿದ್ದು ಕಾರು ಹಳೆಯದಾದ ಮೇಲೆ. ಫೀನಾಲ್ ರಾಳ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಕರಗುವುದಿಲ್ಲ.

ಅದಕ್ಕೇ ಈಗ ಹಳೆ ಬಟ್ಟೆಯ ಎಳೆಗಳಿಂದ ಹಲಗೆ ಮಾಡಲು ಪಾಲಿಪ್ರೊಪಿಲೀನ್‌ನಂಥ ಕರಗುವ ಪ್ಲಾಸ್ಟಿಕ್‌ಗಳ ಮೇಲೆ ಕಣ್ಣು. ಇಲ್ಲಿ ಶಾಖದ ಲೆಕ್ಕ ಸೊಗಸಾಗಿದೆ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹತ್ತಿ ಕರಗುವುದೇ ಇಲ್ಲ, 200 ದಾಟಿದರೆ ಕೆಡಲು ಶುರು. ಪಾಲಿಯೆಸ್ಟರ್ ಕರಗಲು ಸುಮಾರು 255 ಬೇಕು. ಅಂದರೆ 180 ಡಿಗ್ರಿಯಲ್ಲಿ ಒತ್ತಿದರೆ ಪಾಲಿಪ್ರೊಪಿಲೀನ್ ಹರಿದು ಅಂಟಾಗುತ್ತದೆ, ಉಳಿದೆರಡೂ ಎಳೆಗಳಾಗಿಯೇ ಇರುತ್ತವೆ. ಹತ್ತಿ-ಪಾಲಿಯೆಸ್ಟರ್ ಮಿಶ್ರ ಬಟ್ಟೆಯನ್ನು ಬೇರ್ಪಡಿಸುವುದು ದೊಡ್ಡ ತಲೆನೋವು, ಅಲ್ವಾ? ಇಲ್ಲಿ ಬೇರ್ಪಡಿಸುವುದೇ ಬೇಡ. ಗುಂಡಿ, ಜಿಪ್ ಮಾತ್ರ ಕಿತ್ತು ತೆಗೆಯಬೇಕು.

ನಿಜವಾದ ಕಷ್ಟ ಎಳೆಗೂ ಪ್ಲಾಸ್ಟಿಕ್ಕಿಗೂ ನಂಟು ಬೆಸೆಯುವುದು. ಹತ್ತಿಗೆ ನೀರೆಂದರೆ ಇಷ್ಟ. ಸುಮ್ನೆ ಇಟ್ಟರೂ ಗಾಳಿಯಿಂದ ಶೇ. 7-8ರಷ್ಟು ತೇವ ಹೀರಿಕೊಂಡಿರುತ್ತದೆ. ಒಣಗಿಸದೆ ಒತ್ತಿದರೆ ಆ ನೀರು ಆವಿಯಾಗಿ ಹಲಗೆಯೊಳಗೆ ಗುಳ್ಳೆ ಏಳುತ್ತದೆ. ಪಾಲಿಪ್ರೊಪಿಲೀನ್ ಎಣ್ಣೆಯ ಜಾತಿಯದು, ಹತ್ತಿಯನ್ನು ಹಿಡಿದುಕೊಳ್ಳುವುದಿಲ್ಲ. ಮೆಲೀಕ್ ಆನ್‌ಹೈಡ್ರೈಡ್ ಎಂಬ ರಾಸಾಯನಿಕ ಕೂಡಿಸಿದ ಪಾಲಿಪ್ರೊಪಿಲೀನ್ ಸ್ವಲ್ಪ ಬೆರೆಸಿದರೆ ಅದು ಇಬ್ಬರ ಕೈಯನ್ನೂ ಹಿಡಿಯುತ್ತದೆ. ಕೆಲಸ ಆಯಿತೋ ಇಲ್ಲವೋ ತಿಳಿಯಲು ಹಲಗೆ ಮುರಿದು, ಮುರಿದ ಜಾಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಣುಪಾದ ತೂತುಗಳು ಕಂಡರೆ ಎಳೆಗಳು ಜಾರಿ ಹೊರಬಂದಿವೆ. ಪ್ಲಾಸ್ಟಿಕ್ ಮೆತ್ತಿಕೊಂಡ, ಅಲ್ಲೇ ತುಂಡಾದ ಎಳೆಗಳು ಕಂಡರೆ ನಂಟು ಗಟ್ಟಿ.

ಇನ್ನು ಎಳೆಯ ಉದ್ದ. ಬಟ್ಟೆ ಸೀಳುವ ಯಂತ್ರದ ಹಲ್ಲುಗಳು ಎಳೆಗಳನ್ನು ತುಂಡು ಮಾಡುತ್ತವೆ. ತೀರಾ ಗಿಡ್ಡವಾದರೆ ಅವು ಭಾರ ಹೊರುವುದಿಲ್ಲ, ಬರೀ ಜಾಗ ತುಂಬುತ್ತವೆ. ಹಲಗೆಯನ್ನು ಪುಡಿ ಮಾಡಿ ಮತ್ತೆ ಕರಗಿಸಿದಾಗಲೂ ಇದೇ ಕಥೆ, ಪ್ರತಿ ಸಲ ಇನ್ನಷ್ಟು ಗಿಡ್ಡ. ಹಾಗಾಗಿ ಮನೆಯ ತೊಲೆಗೆ ಇದನ್ನು ನಾನಂತೂ ನಂಬುವುದಿಲ್ಲ. ಕಾರಿನ ಬಾಗಿಲ ಒಳಹಲಗೆಗೆ ಧಾರಾಳವಾಗಿ ಸಾಕು. ಒತ್ತುವ ಮೊದಲು ಎಳೆಗಳನ್ನು ಹಾಸಿ, ಸೂಜಿಗಳಿಂದ ಚುಚ್ಚಿ ಚಾಪೆಯಂತೆ ಹೆಣೆದಿರುತ್ತಾರೆ. ಆ ಚಾಪೆಯನ್ನು ಜಾಸ್ತಿ ಒತ್ತದೆ ಬಿಟ್ಟರೆ ಒಳಗೆ ಗಾಳಿ ಉಳಿಯುತ್ತದೆ. ಆಗ ಅದು ಸದ್ದು ಹೀರುವ ಪದರವಾಗುತ್ತದೆ.