ಕಿಟಕಿ ತೆರೆಯಲಾಗದ ಮನೆಯ ಗಾಳಿ

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 18 ದಿನ ಇದ್ದು ಬಂದ ಮೇಲೆ, ಹಾವೇರಿಯ ಪ್ರೌಢಶಾಲೆಯೊಂದಕ್ಕೆ ಮಾತನಾಡಲು ಹೋಗಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಲ್ಲಿ ಕಿಟಕಿ ತೆರೆಯಲು ಬರುವುದಿಲ್ಲವಲ್ಲ, ಒಳಗಿನ ವಾಸನೆ ಎಲ್ಲಿಗೆ ಹೋಗುತ್ತದೆ?" ಎಂದಳು. ಆಮ್ಲಜನಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದನ್ನು ಕೇಳುವವರು ಕಡಿಮೆ.

ನಮ್ಮ ಮೈಯಿಂದಲೇ ಅಮೋನಿಯ, ಅಸಿಟೋನ್, ಮೀಥೇನ್ ಹೊರಬೀಳುತ್ತವೆ. ಹಳೆಯ ಕೆಂಪು ರಕ್ತಕಣಗಳು ಒಡೆಯುವಾಗ ತುಸು ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತದೆ. ಪ್ಲಾಸ್ಟಿಕ್, ಬಣ್ಣ, ಅಂಟು, ತಂತಿಯ ಹೊದಿಕೆ ಇವೂ ಸದ್ದಿಲ್ಲದೆ ಆವಿ ಬಿಡುತ್ತಿರುತ್ತವೆ. ಭೂಮಿಯ ಮೇಲೆ ಇವೆಲ್ಲ ಗಾಳಿಯಲ್ಲಿ ಚದುರಿಹೋಗುತ್ತವೆ. ಅಲ್ಲಿ ಕೂಡುತ್ತಲೇ ಹೋಗುತ್ತವೆ.

ನಿಲ್ದಾಣದ ಅಮೆರಿಕದ ಭಾಗದಲ್ಲಿ ಇದಕ್ಕೆಂದೇ ಒಂದು ಯಂತ್ರವಿದೆ. ಗಾಳಿ ಮೊದಲು ಸಕ್ರಿಯ ಇದ್ದಿಲಿನ ಹಾಸಿನ ಮೂಲಕ ಸಾಗುತ್ತದೆ. ಇಂಥ ಇದ್ದಿಲು ಸೂಕ್ಷ್ಮ ರಂಧ್ರಗಳಿಂದಲೇ ತುಂಬಿರುತ್ತದೆ. ಒಂದೇ ಗ್ರಾಮಿನ ಒಳಮೈಯನ್ನು ಬಿಡಿಸಿ ಹರವಿದರೆ ಸುಮಾರು 1,000 ಚದರ ಮೀಟರ್, ಅಂದರೆ ನಮ್ಮ ಹೊಲದ ಲೆಕ್ಕದಲ್ಲಿ ಹತ್ತು ಗುಂಟೆ! ಅಷ್ಟಗಲದ ಮೈಗೆ ದೊಡ್ಡ ಅಣುಗಳು ಅಂಟಿಕೊಳ್ಳುತ್ತವೆ. ಅಮೋನಿಯ ಸುಲಭಕ್ಕೆ ಅಂಟುವುದಿಲ್ಲ. ಅದಕ್ಕಾಗಿ ಇದ್ದಿಲಿಗೆ ಫಾಸ್ಫಾರಿಕ್ ಆಮ್ಲ ಊಡಿಸಿರುತ್ತಾರೆ. ಮೀಥೇನ್, ಕಾರ್ಬನ್ ಮಾನಾಕ್ಸೈಡ್ ಇದ್ದಿಲಿಗೂ ಜಗ್ಗುವುದಿಲ್ಲ. ಹಾಗಾಗಿ ಗಾಳಿಯ ಒಂದು ಪಾಲನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಪಲ್ಲಾಡಿಯಮ್ ವೇಗವರ್ಧಕದ ಮೇಲೆ ಹಾಯಿಸಿ ಅವನ್ನು ಸುಟ್ಟುಬಿಡುತ್ತಾರೆ. ಆಗ ಹುಟ್ಟಬಹುದಾದ ಆಮ್ಲೀಯ ಅನಿಲಗಳನ್ನು ಲಿಥಿಯಮ್ ಹೈಡ್ರಾಕ್ಸೈಡ್ ಹೀರುತ್ತದೆ.

ಹೀರಿಕೊಂಡದ್ದು ಮಾಯವಾಗುವುದಿಲ್ಲ ಎಂಬುದು 2002ರ ಫೆಬ್ರವರಿಯಲ್ಲಿ ಗೊತ್ತಾಯಿತು. ಗಗನಯಾತ್ರಿಗಳ ಉಡುಪಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಗಳನ್ನು ಮರುಬಳಕೆಗೆಂದು ಒಲೆಯಲ್ಲಿ ಕಾಯಿಸಿದಾಗ, ಅವು ಅಷ್ಟು ದಿನ ಹಿಡಿದಿಟ್ಟಿದ್ದ ಬೇರೆ ಆವಿಗಳೂ ಹೊರಬಿದ್ದು ದುರ್ವಾಸನೆ ಹಬ್ಬಿತು. ಸಿಬ್ಬಂದಿ ರಷ್ಯಾದ ಭಾಗಕ್ಕೆ ಸರಿದು, ಅಮೆರಿಕದ ಭಾಗದ ಗಾಳಿ ಶುದ್ಧವಾಗುವವರೆಗೆ ಕಾಯಬೇಕಾಯಿತು.

ನನ್ನ ಮಟ್ಟಿಗೆ ಯಂತ್ರಕ್ಕಿಂತ ಹೆಚ್ಚಿನ ಕೆಲಸ ನೆಲದ ಮೇಲೆಯೇ ಆಗುತ್ತದೆ: ಏನನ್ನು ಒಳಗೆ ಬಿಡಬಾರದು ಎಂಬ ನಿರ್ಧಾರ. ಆ ಹುಡುಗಿಗೂ ಇದನ್ನೇ ಹೇಳಿದೆ. ನಾಸಾದ ವೈಟ್ ಸ್ಯಾಂಡ್ಸ್ ಕೇಂದ್ರದಲ್ಲಿ ವಸ್ತುಗಳನ್ನು ಮುಚ್ಚಿದ ಪಾತ್ರೆಯಲ್ಲಿ ಬೆಚ್ಚಗಿಟ್ಟು, ಅವು ಬಿಟ್ಟ ಆವಿ ವಿಷವಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ತರಬೇತಾದ ಮನುಷ್ಯರು ಮೂಸಿ ನೋಡಿ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಸರಾಸರಿ 2.5 ದಾಟಿದರೆ ಆ ವಸ್ತು ನಪಾಸು.