ಹಾವು ಕಚ್ಚಿದ ಕಾಲಿಗೆ ಹಗ್ಗ ಕಟ್ಟಬೇಕೆ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಕಾಫಿ ತೋಟ. ತಾಲ್ಲೂಕು ಆಸ್ಪತ್ರೆಗೆ ಒಂದು ಗಂಟೆ ದಾರಿ. ಕೆಲಸದವರಿಗೆ ಹಾವು ಕಚ್ಚಿದರೆ ವಿಷ ಮೇಲೇರದ ಹಾಗೆ ಬಿಗಿಯಾಗಿ ಹಗ್ಗ ಕಟ್ಟಿ ಕರೆದೊಯ್ಯಬೇಕೆ?

ಉತ್ತರ: ಬೇಡ. ದಾರಿ ಎಷ್ಟೇ ದೂರವಿರಲಿ, ಕಟ್ಟಬೇಡಿ.

ಕೊಳಕುಮಂಡಲ, ಗುಳಿಮಂಡಲ, ನಾಗರಹಾವು ಈ ಮೂರರ ವಿಷವೂ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸಬಲ್ಲದು. ಹಗ್ಗ ಬಿಗಿದರೆ ವಿಷ ಅಲ್ಲೇ ಮಡುಗಟ್ಟುತ್ತದೆ, ರಕ್ತ ಓಡಾಡುವುದೂ ನಿಲ್ಲುತ್ತದೆ. ಕೊನೆಗೆ ಕಾಲನ್ನೇ ತೆಗೆಯಬೇಕಾಗಿ ಬರಬಹುದು. ಬಿಚ್ಚಿದ ಕೂಡಲೇ ತಡೆದಿದ್ದ ವಿಷವೆಲ್ಲ ಒಟ್ಟಿಗೆ ಮೈಗೇರುವ ಅಪಾಯ ಬೇರೆ. ಹಾಗಾಗಿ ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವೈದ್ಯರೇ ಬಿಚ್ಚಲಿ.

‘ಕಟ್ಟಿದ್ದಕ್ಕೇ ನಮ್ಮವರು ಉಳಿದರು’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ನಮ್ಮ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ; ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥ ಕಡಿತದಲ್ಲಿ ಏನೂ ಮಾಡದಿದ್ದರೂ ಉಳಿಯುತ್ತಿದ್ದರು. ನಾಟಿ ಔಷಧಿಗೂ ಹಾವಿನ ಕಲ್ಲಿಗೂ ಹೆಸರು ಬಂದದ್ದು ಹೀಗೆಯೇ.

ಕಟ್ಟುವ ಬದಲು ಕಾಲು ಅಲುಗಾಡದಂತೆ ಮಾಡಿ. ಸ್ನಾಯು ಆಡಿದಷ್ಟೂ ವಿಷ ಬೇಗ ಹರಡುತ್ತದೆ. ಆದ್ದರಿಂದ ಕಚ್ಚಿಸಿಕೊಂಡವರು ರಸ್ತೆಯವರೆಗೂ ನಡೆದು ಬರಬಾರದು, ಹೊತ್ತು ತನ್ನಿ. ಪಾದದಿಂದ ತೊಡೆಯ ಅರ್ಧದವರೆಗೆ ಬರುವ ಎರಡು ಅಡಿಕೆ ದಬ್ಬೆ ತೆಗೆದುಕೊಂಡು ಕಾಲಿನ ಎರಡೂ ಪಕ್ಕಕ್ಕೆ ಇಡಿ, ಒತ್ತದ ಹಾಗೆ ಒಳಗೆ ಟವೆಲ್ ಮಡಿಸಿಡಿ, ಮೂರು ನಾಲ್ಕು ಕಡೆ ಪಂಚೆಯ ಪಟ್ಟಿಯಿಂದ ಕಟ್ಟಿ. ಪಟ್ಟಿಯ ಅಡಿಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಕಾಲು ಊದಿದಂತೆ ಪಟ್ಟಿ ಬಿಗಿಯಾಗುತ್ತದೆ, ಆಗಾಗ ನೋಡಿ ಸಡಿಲಿಸಿ. ಕಾಲುಂಗುರ, ಗೆಜ್ಜೆ, ಬಳೆ, ಉಂಗುರಗಳನ್ನು ಮೊದಲೇ ತೆಗೆಯಿರಿ. ಬಾವು ಬಂದ ಮೇಲೆ ಅವೂ ಹಗ್ಗದಂತೆಯೇ ಕಚ್ಚಿಕೊಳ್ಳುತ್ತವೆ.

ಕೊಯ್ಯುವುದು, ಚೀಪುವುದು, ಐಸ್ ಇಡುವುದು ಯಾವುದೂ ಬೇಡ. ನೋವೆಂದು ಡೈಕ್ಲೋಫೆನಾಕ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತದೆ. 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ತಡವಾಗುವಂತಿದ್ದರೆ ಎಸ್ಟೇಟಿನ ಜೀಪಿನಲ್ಲೇ ಹೊರಡಿ. ವಾಂತಿ ಅಥವಾ ಮಂಪರು ಇದ್ದರೆ ಎಡಮಗ್ಗುಲಿಗೆ ಮಲಗಿಸಿ. ಕಚ್ಚಿದ ಸಮಯ ಬರೆದಿಟ್ಟುಕೊಳ್ಳಿ. ಹಾವನ್ನು ಅಟ್ಟಿಸಿಕೊಂಡು ಹೋಗಬೇಡಿ. ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಸಾಕು.

ಆಸ್ಪತ್ರೆಯಲ್ಲಿ ಕೂಡಲೇ ‘ಹಾವಿನ ಇಂಜೆಕ್ಷನ್’ ಕೊಡಲಿಲ್ಲವೆಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ, ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ. ವಿಷ ಏರಿದ ಲಕ್ಷಣ ಕಂಡರೆ ಮಾತ್ರ ಕೊಡುತ್ತಾರೆ. 2 ಮಿ.ಲೀ. ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವೆಂದು ತಿಳಿಯುತ್ತಾರೆ. ರೆಪ್ಪೆ ಜೋತುಬಿದ್ದರೆ ಹೆಚ್ಚಾಗಿ ನಾಗರ ಅಥವಾ ಕಟ್ಟುಹಾವು. ಮಕ್ಕಳಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು, ಹಾವು ಮಕ್ಕಳೆಂದು ವಿಷ ಕಡಿಮೆ ಬಿಡುವುದಿಲ್ಲ. ಏನೂ ಕಾಣದಿದ್ದರೂ 24 ಗಂಟೆ ಅಲ್ಲೇ ಇರಿ.

ನಮ್ಮ ಭಾಗದವರು ಮುಖ್ಯವಾಗಿ ತಿಳಿದಿರಬೇಕಾದದ್ದು ಇನ್ನೊಂದಿದೆ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕಷ್ಟೇ. ಕಾಫಿ ತೋಟದ ತರಗೆಲೆಯಲ್ಲಿ ಅದೇ ಬಣ್ಣಕ್ಕೆ ಬೆರೆತು ಮಲಗುವ, ಮೂಗಿನ ತುದಿ ಮೇಲೆದ್ದಿರುವ ಗಿಡ್ಡ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅದರ ಕಡಿತದಿಂದ ಕೆಲವರ ಮೂತ್ರಪಿಂಡ ಕೈಕೊಡುತ್ತದೆ. ಫೋಟೊ ಬೇಕಾಗುವುದು ಇದಕ್ಕೇ. ಮನೆಗೆ ಬಂದ ಮೇಲೆ ಮೂತ್ರ ಕಡಿಮೆಯಾದರೆ, ಕೆಂಪಾದರೆ ಅವತ್ತೇ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಿ.

ಹಣ್ಣು ಕೊಯ್ಯುವಾಗ, ಕಳೆ ತೆಗೆಯುವಾಗ ಮೊಣಕಾಲುದ್ದದ ಗಮ್‌ಬೂಟು ಕೊಡಿಸಿ. ಉದುರಿದ ಹಣ್ಣನ್ನು ಆರಿಸುವ ಮೊದಲು ತರಗನ್ನು ಕೋಲಿನಿಂದ ಸರಿಸಲಿ. ಹಸಿರು ಗುಳಿಮಂಡಲ ಗಿಡದ ಕೊಂಬೆಯ ಮೇಲೂ ಇರುತ್ತದೆ, ಗಿಡಕ್ಕೆ ಕೈ ಹಾಕುವ ಮುಂಚೆ ಒಮ್ಮೆ ನೋಡಲಿ. ಕೆಲಸದವರ ಲೈನ್ ಮನೆಯ ಗೋಡೆಗೆ ತಾಗಿಸಿ ಸೌದೆ ಒಟ್ಟಬೇಡಿ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ನೋವೇ ಗೊತ್ತಾಗದಂತೆ ಕಚ್ಚುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ಬಿಡಲಾಗದ ಸ್ಥಿತಿ ಕಂಡರೆ ಗಾಯ ಹುಡುಕುತ್ತಾ ಕೂರದೆ ಹೊರಡಿ. ಮಂಚವಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಸುತ್ತಲೂ ಹಾಸಿಗೆಯಡಿ ಸಿಕ್ಕಿಸಿ ಮಲಗಲಿ.